ಆಯ್ತು ಅಂದವರು ಯಾರು?

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಎರಡು ಕೋಣೆ, ಒಂದು ಜಗಲಿ. ಒಬ್ಬರು ಗುರುಗಳು, ಒಬ್ಬ ಶಿಷ್ಯ. ಇನ್ನೊಬ್ಬ ಇದ್ದನೋ ಇಲ್ಲವೋ, ಅದೇ ಕಥೆ.

ಶಿಷ್ಯನ ಹೆಸರು ಪ್ರಭುಲಿಂಗ. ನಲವತ್ತು ದಾಟಿದ ಆಸಾಮಿ. ಮನೆ ಬಿಟ್ಟು ಬಂದಿದ್ದ, ಕೆಲಸ ಬಿಟ್ಟು ಬಂದಿದ್ದ, ಕಷ್ಟಪಟ್ಟು ಕಾಫಿಯನ್ನೂ ಬಿಟ್ಟಿದ್ದ. ಮೊಬೈಲು ಒಂದನ್ನು ಬಿಟ್ಟಿರಲಿಲ್ಲ.

ಗುರುಗಳು ಬೇಡ ಅನ್ನಲಿಲ್ಲ. "ಜಪಮಣಿಯಾದರೇನು, ಅದಾದರೇನು, ಬೆರಳಿಗೆ ಒಂದು ಕೆಲಸ ಬೇಕು" ಎಂದು ನಕ್ಕು ಸುಮ್ಮನಾಗಿದ್ದರು.

ಆ ಮೊಬೈಲಿನಲ್ಲಿ ಅವನು ಇಟ್ಟುಕೊಂಡಿದ್ದದ್ದು ಒಂದು ಪಟ್ಟಿ. ಮಾಡಬೇಕಾದ ಕೆಲಸಗಳ ಪಟ್ಟಿ. ಅದಕ್ಕೆಂದೇ ಆ್ಯಪುಗಳಿವೆ, ನಿಮಗೆ ಗೊತ್ತೇ ಇರುತ್ತದೆ. ಕೆಲಸ ಬರೆದುಕೊಳ್ಳುವುದು, ಮುಗಿದ ಮೇಲೆ ಗೀಟು ಎಳೆಯುವುದು. ಅಷ್ಟೇ. ಅಷ್ಟಕ್ಕೆ ಪ್ರಭುಲಿಂಗ ಒಂಬತ್ತು ವರ್ಷದಲ್ಲಿ ಹನ್ನೊಂದು ಆ್ಯಪು ಬದಲಾಯಿಸಿದ್ದ.

"ಹಳದಿಯದರಲ್ಲಿ ಬಣ್ಣ ಹಾಕಬಹುದು ಗುರುಗಳೇ, ಆದರೆ ಗಂಟೆ ಹೊಡೆಯೋದಿಲ್ಲ. ನೀಲಿಯದರಲ್ಲಿ ಗಂಟೆ ಇದೆ, ಆದರೆ ಕೆಲಸದೊಳಗೆ ಕೆಲಸ ಬರೆಯೋದಕ್ಕೆ ಬರೋದಿಲ್ಲ. ಹಸಿರಿನದರಲ್ಲಿ ಒಂದೊಂದು ಕೆಲಸ ಮುಗಿಸಿದ ಹಾಗೆಲ್ಲಾ ಒಂದೊಂದು ಗಿಡ ಬೆಳೆಯುತ್ತೆ."

"ಎಷ್ಟು ಗಿಡ ಬೆಳೆದವು?"

"ಬೆಳೆಯೋಷ್ಟರಲ್ಲಿ ಕೆಂಪಿನದಕ್ಕೆ ಹೋಗಿಬಿಟ್ಟೆ."

ಯಾವ ಆ್ಯಪಿಗೆ ಹೋದರೂ ಪಟ್ಟಿ ಅವನ ಜೊತೆ ಹೋಗುತ್ತಿತ್ತು. ಕೆಳಗಿನ ಸಾಲುಗಳು ಬರುತ್ತಿದ್ದವು, ಹೋಗುತ್ತಿದ್ದವು. ತಲೆಯ ಮೇಲಿನ ಸಾಲು ಮಾತ್ರ ಒಂಬತ್ತು ವರ್ಷದಿಂದ ಒಂದೇ.

ಅಕ್ಕನ ಹತ್ತಿರ ಹೋಗಿ ತಪ್ಪಾಯ್ತು ಅನ್ನುವುದು.

ಅಕ್ಕ ಅಂದರೆ ದೇವೀರಕ್ಕ. ಒಡಹುಟ್ಟಿದವಳು. ಇರುವುದೂ ದೂರದಲ್ಲೇನಲ್ಲ, ಆಚೆ ದಡದ ಊರಿನಲ್ಲಿ. ಜಗಲಿಯ ಮೇಲೆ ಕೂತರೆ ಆಕೆಯ ಮನೆಯ ಹೊಗೆ ಕಾಣುತ್ತಿತ್ತು. ಹರಿಗೋಲು ಹತ್ತಿದರೆ ಕಾಲು ಗಂಟೆಯ ದಾರಿ.

ಒಂಬತ್ತು ವರ್ಷದ ಹಿಂದೆ ತಾಯಿ ಆ ಮನೆಯಲ್ಲಿ ಕಾಯಿಲೆ ಬಿದ್ದು ಮಲಗಿದ್ದರು. ಮಗನನ್ನು ನೋಡಬೇಕು ಅಂದರು. ಮಗ ಬಂದದ್ದು ಮಣ್ಣು ಮಾಡಿದ ಮೂರನೆಯ ದಿನ. ಅಕ್ಕ ಕೂಗಾಡಲಿಲ್ಲ. "ಅವ್ವ ಬಾಗಿಲ ಕಡೆ ನೋಡ್ಕೊಂಡೇ ಹೋದ್ಲು" ಅಂದಳು, ಒಳಗೆ ಹೋದಳು. ಅವನು ಮತ್ತೆ ಆ ಹೊಸ್ತಿಲು ತುಳಿದಿರಲಿಲ್ಲ.

ಒಂದು ದಿನ, ಉರಿ ಮಧ್ಯಾಹ್ನ, ಹೊಳೆಯ ಒಗೆಯುವ ಕಲ್ಲಿನ ಮೇಲಿನಿಂದ ಪ್ರಭುಲಿಂಗ ಕೂಗಿದ. ಸಿಗ್ನಲ್ಲು ಸಿಗುತ್ತಿದ್ದದ್ದು ಆ ಕಲ್ಲಿನ ಮೇಲೆ ಮಾತ್ರ.

"ಗುರುಗಳೇ, ಸಿಕ್ಕಿತು! ಹನ್ನೆರಡನೆಯದು. ಇದು ಪೂರ್ತಿ ಕನ್ನಡದಲ್ಲಿದೆ."

"ಒಳ್ಳೆಯದು. ಏನೇನಿದೆ ಅದರಲ್ಲಿ?"

"ಬಣ್ಣ ಇದೆ, ಗಂಟೆ ಇದೆ, ಕೆಲಸದೊಳಗೆ ಕೆಲಸ ಇದೆ. ಇನ್ನೊಂದು ವಿಶೇಷ. ನಮ್ಮ ಕೆಲಸ ಬೇರೆಯವರಿಗೆ ಒಪ್ಪಿಸಬಹುದು. ಒಂದೊಂದು ಸಾಲಿನ ಮುಂದೆಯೂ 'ಮಾಡುವವರು' ಅಂತ ಒಂದು ಮನೆ ಇದೆ. ಅದರಲ್ಲಿ ಹೆಸರು ತುಂಬಿದರೆ ಸರಿ."

"ಯಾರ ಹೆಸರು ತುಂಬಿದೆ?"

"ಯಾರದ್ದು ತುಂಬಲಿ? ಇರುವವನು ನಾನೊಬ್ಬ. ಖಾಲಿ ಬಿಟ್ಟೆ."

ಗುರುಗಳು ಬೆಳಗುತ್ತಿದ್ದ ಚೊಂಬನ್ನು ಕೆಳಗಿಟ್ಟರು.

"ಖಾಲಿ ಬಿಟ್ಟೆಯಾ?" ಅಂದರು. ಮತ್ತೆ ಚೊಂಬು ಎತ್ತಿಕೊಂಡರು.

ಅಷ್ಟರಲ್ಲಿ ಮೊಬೈಲು ತೋರಿಸಿತು: ಹಳೆಯ ಪಟ್ಟಿಯ ಹದಿನಾಲ್ಕು ಕೆಲಸಗಳು ಬಂದಿವೆ. ಅದರ ಕೆಳಗೆ ಒಂದೇ ಗುಂಡಿ. ಅದರ ಮೇಲೆ ಒಂದೇ ಮಾತು. ಆಯ್ತು.

ನೋಡಿ, ನಮ್ಮ ಭಾಷೆಯ ಸೊಗಸು ಇರುವುದೇ ಇಲ್ಲಿ. ಮಾಡುತ್ತೇನೆ ಅನ್ನುವುದಕ್ಕೂ ಆಯ್ತು, ಮಾಡಿ ಮುಗಿಸಿದ್ದಕ್ಕೂ ಆಯ್ತು. ಕೊತ್ತಂಬರಿ ಸೊಪ್ಪು ತನ್ನಿ ಅಂದರೆ, ಪೇಪರಿನಿಂದ ತಲೆ ಎತ್ತದೆ ಆಯ್ತು ಅನ್ನುತ್ತೇವೆ. ಸೊಪ್ಪು ಇನ್ನೂ ಅಂಗಡಿಯಲ್ಲೇ ಇರುತ್ತದೆ.

ಪ್ರಭುಲಿಂಗ ಒಪ್ಪಿಗೆಯ ಆಯ್ತು ಅಂದುಕೊಂಡು ಒತ್ತಿದ. ಆ್ಯಪು ಮುಗಿದದ್ದರ ಆಯ್ತು ಅಂದುಕೊಂಡಿತು. ಹದಿನಾಲ್ಕು ಸಾಲಿನ ಮೇಲೂ ಸರ್ರನೆ ಗೀಟು ಬಿತ್ತು.

"ಅಯ್ಯೋ! ಎಲ್ಲಾ ಮುಗಿದುಹೋಯ್ತು ಅಂತ ತೋರಿಸ್ತಾ ಇದೆ!"

"ಅಳಿಸಿ ಮತ್ತೆ ಬರಿ."

"ಅಳಿಸೋದಕ್ಕೆ ಬರ್ತಾ ಇಲ್ಲ ಗುರುಗಳೇ."

ಗುರುಗಳು ಆಚೆ ದಡ ನೋಡುತ್ತಿದ್ದರು. "ಹಾಗಿದ್ದರೆ ಯಾರೋ ಒಪ್ಪಿಕೊಂಡರು ಅಂತ ಕಾಣುತ್ತದೆ" ಅಂದರು.

ಮಾರನೆಯ ಬೆಳಗ್ಗೆ ಅಂಗಳದ ನೀರಿನ ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಆರು ತಿಂಗಳ ಪಾಚಿಯ ಒಂದು ಎಳೆಯೂ ಇರಲಿಲ್ಲ. ತೊಟ್ಟಿ ತೊಳೆಯುವುದು ಪಟ್ಟಿಯ ನಾಲ್ಕನೆಯ ಸಾಲು.

"ನೀವು ಯಾಕೆ ತೊಳೆಯೋಕೆ ಹೋದಿರಿ ಗುರುಗಳೇ?"

"ನನ್ನ ಸೊಂಟ ಅಷ್ಟು ಬಗ್ಗುತ್ತದೆ ಅಂತ ನಿನಗೆ ಯಾರು ಹೇಳಿದರು?"

ಗೋಡೆಗೆ ಒರಗಿಸಿದ್ದ ಏಣಿಯೂ ಇರಲಿಲ್ಲ. ಅದು ಹರಿಗೋಲು ಹಾಕುವ ಚಿಕ್ಕತಾಯಮ್ಮನ ಏಣಿ. ವಾಪಸು ಕೊಡುವುದು ಏಳನೆಯ ಸಾಲು. ಪ್ರಭುಲಿಂಗ ಹರಿಗೋಲು ನಿಲ್ಲುವ ಕಡವಿಗೆ ಓಡಿದ.

"ಚಿಕ್ಕತಾಯಮ್ಮ, ನಿನ್ನ ಏಣಿ ಕಾಣ್ತಿಲ್ಲ!"

"ಅದೇನ್ ತಮಾಸೆ ಮಾಡ್ತೀರಿ ಸಾಮಿ? ನೀವೇ ಹೊತ್ಕಂಡ್ ಬಂದು ಮಡಗಿ ಹೋದ್ರಲ್ಲ. ಕೂಗ್ತಾ ಇವ್ನಿ, ತಿರುಗೂ ನೋಡ್ನಿಲ್ಲ."

ಪ್ರಭುಲಿಂಗನಿಗೆ ಮೈ ಜುಮ್ಮೆಂದಿತು. ಆದರೆ ನಿಜ ಹೇಳಬೇಕೆಂದರೆ, ಒಳಗೊಳಗೇ ಖುಷಿಯೂ ಆಯಿತು. ಏಣಿ ಭಾರದ್ದು.

ಮೂರನೆಯ ದಿನ ಗುರುಗಳೇ ಮಾತು ತೆಗೆದರು. "ನಿನ್ನೆ ಚೆನ್ನಾಗಿ ಒಪ್ಪಿಸಿದೆ."

"ಏನನ್ನು?"

"ಸ್ತೋತ್ರದ ಹದಿನೆಂಟು ಸಾಲು. ಬಾಯಿಪಾಠ ಮಾಡು ಅಂತ ಎರಡು ವರ್ಷದ ಹಿಂದೆ ಹೇಳಿದ್ದೆನಲ್ಲ. ಗೋಡೆಯ ಆಚೆ ಕೂತು ಒಪ್ಪಿಸಿದೆ. ಒಂದಕ್ಷರ ತಪ್ಪಲಿಲ್ಲ."

"ಗುರುಗಳೇ, ನನಗೆ ಮೊದಲ ಎರಡು ಸಾಲು ಬಿಟ್ಟರೆ ಬರೋದಿಲ್ಲ."

"ಗೊತ್ತು. ದನಿ ನಿನ್ನದೇ. ತಪ್ಪಿಲ್ಲದ್ದಕ್ಕೇ ಅನುಮಾನ ಬಂತು."

ಇಷ್ಟಾದ ಮೇಲಾದರೂ ಪ್ರಭುಲಿಂಗ ಸುಮ್ಮನಿರಬೇಕೋ ಬೇಡವೋ? ಅವನು ಹಳೆಯ ಚಾಳಿಯವನು. ಆ ಹನ್ನೊಂದಕ್ಕೂ ಈ ಹನ್ನೆರಡನೆಯದಕ್ಕೂ ಹೋಲಿಸಿ ನೋಡುವುದಕ್ಕೆ ಕೂತ.

"ಯೋಚನೆ ಮಾಡಿದರೆ ಇದೇ ವಾಸಿ ಗುರುಗಳೇ. ಅವು ಹನ್ನೊಂದೂ ನೆನಪಿಸುತ್ತಿದ್ದವು, ಅಷ್ಟೇ. ಇದು ಮಾಡುತ್ತೆ."

"ಯಾವುದು ಮಾಡುತ್ತದೆ?"

"ಇದು. ಆ್ಯಪು."

"ಆ್ಯಪಿಗೆ ಏಣಿ ಹೊರುವ ಹೆಗಲಿದೆಯೇ?"

ಪ್ರಭುಲಿಂಗ ಮೊಬೈಲು ತಿರುವಿ ಅದರ ಬೆನ್ನು ನೋಡಿದ.

ಮಾರನೆಯ ದಿನ ಊಟದ ಹೊತ್ತಿಗೆ ಗುರುಗಳು ಮೂರು ಎಲೆ ಹಾಕಿದರು.

"ಮೂರನೆಯದು ಯಾರಿಗೆ ಗುರುಗಳೇ?"

"ದುಡಿದವನಿಗೆ ಊಟ ಹಾಕಬೇಡವೇ?"

ಮೂರಕ್ಕೂ ಅನ್ನ ಬಡಿಸಿದರು, ಸಾರು ಬಡಿಸಿದರು. ಇಬ್ಬರೂ ತಲೆ ಬಗ್ಗಿಸಿ ಉಂಡರು. ಮೂರನೆಯ ಎಲೆಯ ಕಡೆ ನೋಡುವುದಕ್ಕೆ ಪ್ರಭುಲಿಂಗನಿಗೆ ಧೈರ್ಯ ಸಾಲಲಿಲ್ಲ. ಕೈ ತೊಳೆದು ಬಂದ ಮೇಲೆ ನೋಡಿದ.

ಎಲೆ ಮಡಿಸಿತ್ತು. ಊಟ ಮುಗಿಸಿದವರು ಮಡಿಸುವ ಹಾಗೆಯೇ, ಅಚ್ಚುಕಟ್ಟಾಗಿ.

ಬಿಡಿಸಿದರೆ, ಒಳಗೆ ಅನ್ನ ಹಾಗೇ ಇತ್ತು. ಒಂದು ಅಗುಳೂ ಕದಲಿರಲಿಲ್ಲ. ಸಾರು ಇನ್ನೂ ಬಿಸಿಯಿತ್ತು.

ಗುರುಗಳು ಅವನ ಹೆಗಲ ಮೇಲಿನಿಂದ ಬಗ್ಗಿ ನೋಡಿದರು. "ಹೊರಗಿನಿಂದ ನೋಡಿದವರು ಊಟ ಆಯ್ತು ಅಂತಲೇ ಅನ್ನಬೇಕು" ಅಂದರು. ಆಮೇಲೆ ಮೆಲ್ಲಗೆ ಕೇಳಿದರು:

"ನಿನ್ನ ಪಟ್ಟಿಯ ತಲೆಯ ಮೇಲೆ ಏನೋ ಇತ್ತಲ್ಲ, ಪ್ರಭುಲಿಂಗ?"

ಅವನ ಕೈಯಿಂದ ಎಲೆ ಬಿತ್ತು.

ಕಡವಿಗೆ ಅವನು ಹೇಗೆ ಓಡಿದನೋ ಅವನಿಗೇ ಗೊತ್ತಿಲ್ಲ. ಚಿಕ್ಕತಾಯಮ್ಮ ಹರಿಗೋಲು ಕಟ್ಟುತ್ತಿದ್ದವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಆಚೆಗಾ? ಮೊನ್ನೆ ತಾನೆ ದಾಟಿಸಿದ್ನಲ್ಲ ಸಾಮಿ. ವಾಪಸ್ ಯಾವ್ ದಾರೀಲಿ ಬಂದ್ರಿ? ನಾನ್ ಕರ್ಕಂಬರ್ನಿಲ್ವಲ್ಲ."

"ನೀನೇ ದಾಟಿಸಿದೆಯಾ? ನನ್ನನ್ನು?"

"ಮತ್ತಿನ್ಯಾರ್ನ? ನೀವು ಹತ್ತಿದ್ರಿ, ಹರಿಗೋಲು ಒಂದ್ ಬೆರಳಷ್ಟೂ ಮುಳುಗ್ನಿಲ್ಲ. ಅನ್ನ ಬಿಟ್ಟವ್ರೇನೋ ಅಂದ್ಕಂಡೆ."

ದೇವೀರಕ್ಕ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಮ್ಮನನ್ನು ನೋಡಿ ಬೆಚ್ಚಲಿಲ್ಲ. ಏಳಲಿಲ್ಲ.

"ಬಂದ್ಯಾ ತಮ್ಮ? ಏನಾರ ಮರ್ತು ಹೋದ್ಯಾ?"

ಒಂಬತ್ತು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು. ಅವನು ನಿಂತಲ್ಲೇ ಅಂದುಬಿಟ್ಟ. "ಅಕ್ಕಾ, ತಪ್ಪಾಯ್ತು."

"ಅಂದ್ಯಲ್ಲ ಮೊನ್ನೆ. ನಾನೂ ಆಯ್ತು ಬಿಡು ಅಂದ್ನಲ್ಲ. ಒಂದೇ ಮಾತ್ನ ಎಷ್ಟ್ ಸಲ ಅಂತೀಯ?"

"ಮೊನ್ನೆ... ನಾನು ಏನೇನು ಹೇಳಿದೆ ಅಕ್ಕ?"

"ಅಷ್ಟೇ ಹೇಳ್ದೆ. ತಪ್ಪಾಯ್ತು ಅಂದೆ. ಅತ್ತೆ. ನಾನೂವೆ ಅತ್ತೆ. ನೀನು ಅವ್ವನ ಪಟಕ್ಕೆ ಕೈ ಮುಗ್ದೆ. ಹೋದೆ." ಅವಳು ಇನ್ನೊಂದು ಹಣ್ಣು ಎತ್ತಿಕೊಂಡಳು. "ಕೂತ್ಕೊ, ಮಜ್ಜಿಗೆ ಕುಡಿ."

ಮಜ್ಜಿಗೆ ಬಂತು. ಅಕ್ಕನ ಮುಖದಲ್ಲಿ ಸಿಟ್ಟಿರಲಿಲ್ಲ. ಬೇರೆ ಏನೂ ಇರಲಿಲ್ಲ. ನೆಂಟರ ಮನೆಯ ನೆಂಟರಿಗೆ ಕೊಡುವ ಹಾಗೆ ಲೋಟ ಕೊಟ್ಟಳು. ಅವನಿಗೆ ಅಳುವುದಕ್ಕೆ ಪ್ರಯತ್ನಪಟ್ಟರೂ ಅಳು ಬರಲಿಲ್ಲ. ಅದು ಖರ್ಚಾಗಿತ್ತು.

ಆಶ್ರಮಕ್ಕೆ ಬಂದವನು ಗುರುಗಳ ಮುಂದೆ ಕುಸಿದು ಕೂತ.

"ನನ್ನ ಅಳುವನ್ನು ಯಾರೋ ಅತ್ತುಬಿಟ್ಟರು ಗುರುಗಳೇ. ನನಗೆ ಅಂತ ಇದ್ದದ್ದು ಅದೊಂದೇ. ವಾಪಸು ಕೊಡಿಸಿ."

"ಯಾರಿಂದ ಕೊಡಿಸಲಿ?"

"ಅವನಿಂದ."

"ಅವನ ಹೆಸರೇನು?"

ಪ್ರಭುಲಿಂಗ ಮೊಬೈಲು ತೆಗೆದ. ಮೊದಲ ಸಾಲು, ಅದರ ಮೇಲೆ ಗೀಟು. ಮುಂದೆ 'ಮಾಡುವವರು' ಎಂಬ ಮನೆ. ಖಾಲಿ.

ಗುರುಗಳು ಒಲೆಯಿಂದ ಒಂದು ಇದ್ದಿಲ ಚೂರು ತಂದರು. ಜಗಲಿಯ ಕಲ್ಲಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರು. ತಪ್ಪಾಯ್ತು.

"ಓದು."

"ತಪ್ಪಾಯ್ತು."

"ಈ ಮಾತಿನೊಳಗೆ ಯಾರಿದ್ದಾರೆ?"

ಅವನು ನೋಡಿದ. ಸುತ್ತ ತಿರುಗಿ ಇನ್ನೊಂದು ಕಡೆಯಿಂದ ನೋಡಿದ.

"ತಪ್ಪು ಇದೆ. ಆಗಿರುವುದೂ ಇದೆ. ಯಾರೂ... ಯಾರೂ ಇಲ್ಲ."

"ಒಂಬತ್ತು ವರ್ಷ ಬಾಗಿಲು ತೆಗೆದಿಟ್ಟ ಖಾಲಿ ಮನೆ. ಯಾರಾದರೂ ಬಂದು ಸೇರಿಕೊಂಡರೆ ಅವರ ಮೇಲೆ ಏನು ದೂರು?"

ಗುರುಗಳು ಅವನ ಎದುರಿಗೆ ಕೂತರು.

"ತಾಯಿ ಕರೆದಾಗ ಏನಾಯ್ತು? ಹೇಳು."

"ಬರೋದಕ್ಕೆ ಆಗಲಿಲ್ಲ ಗುರುಗಳೇ."

"ಸರಿ. ನೀನೆಲ್ಲಿದ್ದೆ?"

"ರಜೆ ಸಿಗಲಿಲ್ಲ."

"ಸರಿ. ನೀನೆಲ್ಲಿದ್ದೆ?"

"ಬಸ್ಸು ತಪ್ಪಿಹೋಯ್ತು. ಅಷ್ಟರಲ್ಲಿ ತಡವಾಯ್ತು."

"ಸಿಗಲಿಲ್ಲ, ತಪ್ಪಿತು, ತಡವಾಯ್ತು. ಎಲ್ಲಾ ತಾವಾಗಿಯೇ ಆದವು. ನೀನೆಲ್ಲಿದ್ದೆ ಪ್ರಭುಲಿಂಗ?"

ಬಿಸಿಲು ಜಗಲಿಯ ಮೇಲೆ ಒಂದು ಗೇಣು ಸರಿಯಿತು. ಒಳಗಿನ ಕೋಣೆಯಲ್ಲಿ ಯಾರೋ ಉಸಿರು ಬಿಗಿಹಿಡಿದ ಹಾಗಿತ್ತು.

"ರೂಮಿನಲ್ಲಿದ್ದೆ" ಅಂದ. "ಅವ್ವನನ್ನು ನೋಡಲು ಹೋಗುವುದು ಅಂತ ಬರೆದುಕೊಂಡಿದ್ದೆ. ಭಾನುವಾರ ಅಂತ ಹಾಕಿದ್ದೆ. ಅವತ್ತು ಶುಕ್ರವಾರ. ಹಳದಿಯಿಂದ ನೀಲಿಗೆ ಪಟ್ಟಿ ಸಾಗಿಸುತ್ತಿದ್ದೆ. ಅಕ್ಕನ ಫೋನು ಬಂತು."

"ಹೂಂ."

"ಮೂರು ಸಲ ಬಂತು. ನಡುವೆ ಫೋನು ತಗೊಂಡರೆ ಪಟ್ಟಿ ಅರ್ಧಕ್ಕೇ ನಿಂತುಬಿಡುತ್ತೆ ಅಂತ... ಫೋನು ಎತ್ತಲಿಲ್ಲ."

"ಯಾರು?"

"ನಾನು. ನಾನು ಎತ್ತಲಿಲ್ಲ. ಅವಳ ಹೆಸರು ನೋಡಿದೆ, ಬೇಕು ಅಂತಲೇ ಎತ್ತಲಿಲ್ಲ. ಆಮೇಲೆ ಬಸ್ಸು ತಪ್ಪಿತು ಅಂತ ಹೇಳಿದೆ."

ಒಳಗಿನ ಕೋಣೆಯಿಂದ ಯಾರೋ ಎದ್ದು ಹೊರಗೆ ಹೋದ ಸದ್ದು ಕೇಳಿಸಿತು. ಬರಿಗಾಲಿನ ಸದ್ದು. ಗುರುಗಳೂ ಕೇಳಿಸಿಕೊಂಡರು. ಇಬ್ಬರೂ ಎದ್ದು ನೋಡಲಿಲ್ಲ.

"ಇದು ಅಕ್ಕನಿಗೆ ಗೊತ್ತೇ?"

"ಇಲ್ಲ. ಗೊತ್ತಿದ್ದದ್ದು ನನಗೊಬ್ಬನಿಗೆ."

"ಹಾಗಾದರೆ ಇದನ್ನು ಅವನೂ ಹೇಳಿರಲಾರ."

ಪ್ರಭುಲಿಂಗ ತಲೆ ಎತ್ತಿದ.

"ಹೇಳಬೇಕೇ ಗುರುಗಳೇ?"

"ಯಾಕೆ ಹೇಳುತ್ತೀಯ? ನಿನಗೆ ಬೇಕಿದ್ದದ್ದು ಕ್ಷಮೆ. ಸಿಕ್ಕಿದೆ. ಆಯ್ತು ಬಿಡು ಅಂದಿದ್ದಾಳೆ, ಮಜ್ಜಿಗೆ ಕೊಟ್ಟಿದ್ದಾಳೆ. ಇದನ್ನು ಹೇಳಿದರೆ ಸಿಕ್ಕಿದ್ದೂ ಹೋಗುತ್ತದೆ. ಹಬ್ಬಕ್ಕೆ ಕರೆಯುತ್ತಾಳೆ, ಹೋಗಿ ಉಂಡುಕೊಂಡು ಬಾ. ಅವನು ಸಂಪಾದಿಸಿದ್ದು, ನೀನು ಅನುಭವಿಸು."

"ಸುಮ್ಮನಿದ್ದರೆ ಆ ಕ್ಷಮೆ ಯಾರದ್ದು ಗುರುಗಳೇ?"

"ಯಾರು ಹೋಗಿ ಅತ್ತನೋ ಅವನದ್ದು."

ಆ ರಾತ್ರಿ ಏನಾಯಿತೆಂದು ನಾನು ಹೇಳುವುದಿಲ್ಲ, ಯಾಕೆಂದರೆ ಏನೂ ಆಗಲಿಲ್ಲ. ಇಬ್ಬರೂ ಮಲಗಿದರು. ಬೆಳಗ್ಗೆ ಪ್ರಭುಲಿಂಗ ಮೊಬೈಲನ್ನು ಗೋಡೆಯ ಮಾಡದಲ್ಲಿ ಇಟ್ಟು ಕಡವಿಗೆ ಇಳಿದ. ಟವಲು ಹಾಕಿಕೊಳ್ಳುವುದನ್ನೂ ಮರೆತಿದ್ದ.

ಚಿಕ್ಕತಾಯಮ್ಮ ಹುಟ್ಟು ಎತ್ತಿಕೊಂಡು ಅವನನ್ನು ನೋಡಿದಳು. ಆಮೇಲೆ ಅವನ ಬೆನ್ನ ಹಿಂದೆ ನೋಡಿದಳು.

"ಒಬ್ರೇನಾ ಸಾಮಿ, ಇಬ್ರೂವಾ?"

ಅವನ ಕುತ್ತಿಗೆಯ ಹಿಂದೆ ತಣ್ಣಗೆ ಗಾಳಿ ಆಡಿತು. ಹೊಳೆಯ ಕಡೆ ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ಒಬ್ಬನೇ" ಅಂದ. ತಿರುಗಿ ನೋಡಲಿಲ್ಲ.

"ಹಂಗಾರೆ ಅವ್ರು?"

"ಅವನ ಕೆಲಸ ಅವನು ಮಾಡಿದ್ದಾನೆ. ಇದು ನನ್ನದು. ನಡಿ."

ಹರಿಗೋಲು ದಡ ಬಿಟ್ಟಿತು. ಚಿಕ್ಕತಾಯಮ್ಮ ಸುಮಾರು ದೂರದವರೆಗೆ ದಡವನ್ನೇ ನೋಡುತ್ತಾ ಹುಟ್ಟು ಹಾಕಿದಳು. ಹೊಳೆಯ ನಡುವೆ ಬಂದಾಗ ಸೆರಗು ತಲೆಯ ಮೇಲೆ ಎಳೆದುಕೊಂಡು ಮುಖ ತಿರುಗಿಸಿದಳು. ಏನು ಕಂಡಳೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಪ್ರಭುಲಿಂಗ ವಾಪಸು ಬಂದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಗುರುಗಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಅವನೂ ಪಕ್ಕದಲ್ಲಿ ಕೂತ. ಅವನ ಕಣ್ಣು ಕೆಂಪಗೆ ಊದಿಕೊಂಡಿತ್ತು.

"ಹೇಳಿದೆಯಾ?"

"ಹೇಳಿದೆ. ನಾನು ಫೋನು ನೋಡಿದೆ, ನಾನು ಎತ್ತಲಿಲ್ಲ, ನಾನು ಸುಳ್ಳು ಹೇಳಿದೆ. ಮೂರೂ ಹೇಳಿದೆ."

"ಆಮೇಲೆ?"

"ಕೈಯಲ್ಲಿದ್ದ ಹುಣಸೆಹಣ್ಣು ಮುಖಕ್ಕೆ ಎಸೆದಳು. ಒಳಗೆ ಹೋಗಿ ದಢಾರನೆ ಬಾಗಿಲು ಹಾಕಿಕೊಂಡಳು."

"ನೀನು ಬಂದುಬಿಟ್ಟೆಯಾ?"

"ಇಲ್ಲ. ಹೊಸ್ತಿಲ ಹೊರಗೆ ಕೂತೆ. ಒಳಗಿನಿಂದ ಬೈದಳು ಗುರುಗಳೇ. ಒಂದು ಗಂಟೆ ಬೈದಳು. ಮೂರನೇ ಕ್ಲಾಸಿನಲ್ಲಿ ಅವಳ ಸ್ಲೇಟು ಒಡೆದು ಮೇಕೆ ತುಳಿಯಿತು ಅಂತ ಹೇಳಿದ್ದೆ, ಅದನ್ನೂ ತೆಗೆದು ಬೈದಳು."

ಗುರುಗಳ ಕೈ ನಿಂತಿತು.

"ಮೊನ್ನೆ ಅವನಿಗೆ ಆಯ್ತು ಬಿಡು ಅಂದಳು" ಅಂದ ಪ್ರಭುಲಿಂಗ. "ನನಗೆ ಹಾಗೆ ಅನ್ನಲಿಲ್ಲ. ಬರುವಾಗ ಕಿಟಕಿಯಿಂದಲೇ ಕೂಗಿದಳು, 'ಮುಂಡೇದೆ, ತಲೆ ಮೇಲೆ ಒಂದ್ ಟವಲ್ಲೂ ಇಲ್ದೆ ಬಿಸ್ಲಲ್ಲಿ ಬಂದವ್ನೆ, ಸಾಯಿ ಅತ್ಲಾಗೆ' ಅಂತ."

ಗುರುಗಳು ಒಂದು ಅವರೆಕಾಯಿ ಎತ್ತಿಕೊಂಡು ಬಿಡಿಸಿದರು.

"ಅಂತೂ ಗುರುತು ಹಿಡಿದಳು."